ಇನ್ನೂರು ಲೀಟರ್ ಡ್ರಮ್ಮು, ಒಂದು ಚೊಂಬು

ಕಲಬುರಗಿ ಬಿಸಲಿನ ಬಗ್ಗೆ ಹೇಳೋದೇನದ, ಮೇ ತಿಂಗಳಾಗ 42-43 ಡಿಗ್ರಿ ಹೊಡದು ನಮ್ಮ ಮಲ್ಲಿಗಿ ಗಿಡ ಕಡ್ಡಿ ಆಗಿತ್ತು, ಬೋರಿನ ನೀರು ಹಾಕಿ ಹಾಕಿ ಪಾಟಿನ ಅಂಚಿಗೆಲ್ಲ ಬೆಳ್ಳಗ ಉಪ್ಪು ಕೂತಿತ್ತು. ಅದಕ್ಕ ಈ ಸಲ ಮಿರಗಾ ಮಳಿಗೆ ಮುಂಚೇನೇ ಡ್ರಮ್ಮು ತಂದು ಮಾಳಗಿ ಪೈಪಿನ ಬುಡಕ್ಕ ಇಟ್ಟೆ.

ಹಿಸಾಬು ಭಾಳ ಸಾದಾ ಅದ. ಒಂದು ಚದರ ಮೀಟರಿಗೆ 1 ಮಿಲಿಮೀಟರ್ ಮಳಿ ಬಿದ್ರ 1 ಲೀಟರ್. ನಮ್ಮ ಮಾಳಗಿ ಹತ್ರಹತ್ರ 60 ಚದರ ಮೀಟರ್, 20 ಮಿಲಿಮೀಟರ್ ಬಿತ್ತಂದ್ರ 1200 ಲೀಟರ್, ಪುಕ್ಕಟ! "ಡ್ರಮ್ಮು ಎಷ್ಟು ಲೀಟರಿಂದ್ರಿ?" ಅಂದ್ಲು ಹೆಂಡ್ತಿ. 200. ಉಳಿದದ್ದು ಎಲ್ಲಿ ಹೋಗ್ತದ ಅಂತ ನಾ ವಿಚಾರ ಮಾಡಿರ್ಲಿಲ್ಲ, ಅದು ಸೀದಾ ಬಾಜು ಮನಿ ಆಯಿ ಅಂಗಳಕ್ಕ ಹೋಯ್ತು.

ಇರ್ಲಿ, ಡ್ರಮ್ಮರೆ ತುಂಬ್ತಲ್ಲ. ಮರುದಿನ ಮುಂಜಾನಿ ಖುಷಿಲಿಂದ ಬಕೆಟ್ ಹಿಡ್ಕೊಂಡು ಹೋದ್ರ ನಳದ ಬುಡಕ್ಕ ಬಕೆಟ್ ಹೋಗವಲ್ಲದು! ನಳ ತಳದಿಂದ ನಾಲ್ಕೇ ಬೆರಳು ಮ್ಯಾಲ ಕೂಡಿಸಿದ್ದೆ, ಡ್ರಮ್ಮು ನೋಡಿದ್ರ ಫರಸಿ ಮ್ಯಾಲ ಕುಂತದ. ಚೊಂಬೂ ಹೋಗಲ್ಲ. ಚಾದ ಬಸಿ ಒಂದು ಹೋಯ್ತು. ಎತ್ತಿ ಇಟಗಿ ಇಡೋಣ ಅಂದ್ರ ಎರಡು ಕ್ವಿಂಟಾಲ್ ವಜ್ಜಾ, ಪೈಪ್ ಹಚ್ಚಿದ್ರ ಪಾಟುಗಳು ಡ್ರಮ್ಮಿಗಿಂತ ಎತ್ತರದ ಕಟ್ಟಿ ಮ್ಯಾಲ ಅವ, ನೀರು ಅರ್ಧ ದಾರಿಗೆ ಬಂದು ನಿಂತುಬಿಡ್ತು.

ಈ ಸುದ್ದಿ ಹೆಂಡ್ತಿ ಕಡಿಂದ ಬೀದರಿನ ಮಾವನವ್ರಿಗೆ ಮುಟ್ತು. "ಅಳಿಯಂದ್ರೇ, ನಮ್ಮೂರಾಗ ಬಹಮನಿ ಕಾಲದಾಗೇ ನೆಲದೊಳಗ ಸುರಂಗ ಕೊರದು, ಬರೇ ಇಳಕಲು ನೋಡಿ ಕರೇಜಿನಾಗ ನೀರು ಹರಸ್ಯಾರ್ರಿ, ಪಂಪಿಲ್ಲ ಕರೆಂಟಿಲ್ಲ. ನಿಮಗ ನಾಲ್ಕು ಇಟಗಿ ಇಡೋದು ಹೊಳಿಲಿಲ್ಲೇನು?" ನೌಬಾದಿಗೆ ಹೋದಾಗೆಲ್ಲ ಆ ಕರೇಜ್ ತೋರಸ್ತಿದ್ರು, ನಾ ಸೆಲ್ಫಿ ತಗೊಂಡು ಬಂದಿದ್ದೆ.

ಡ್ರಮ್ಮಿನ ಬಾಯಿಗೆ ಅರಬಿ ಕಟ್ಟೋದು ಇವತ್ತು ನಾಳೆ ಅಂತ ಹತ್ತು ದಿನ ಕಳದ್ವು. ಆಶಾ ಅಕ್ಕಾರು ಬಂದು ಟಾರ್ಚ್ ಬಿಟ್ಟು ನೋಡಿದ್ರ ಒಳಗ ಸೊಳ್ಳಿ ಮರಿ ಕುಣ್ಯಾಕತ್ಯಾವ. "ಸರ, ಡೆಂಗಿ ಸೀಜನ್ ಅದ, ಈಗಿಂದೀಗ ಖಾಲಿ ಮಾಡಿ ತಿಕ್ಕಿ ಒಣಗಸ್ರಿ" ಅಂದ್ರು. ಹಂಗೇ ಚೆಲ್ಲಾಕ ಜೀವ ಒಪ್ಪಲಿಲ್ಲ, 200 ಲೀಟರ್ ನೀರು ಅದು! ಗಿಡಕ್ಕೇ ಹಾಕ್ತೀನಿ ಅಂತ ಮ್ಯಾಲಿಂದ ಚೊಂಬಿಲೆ ಮೊಗದು ಮೊಗದು ಹಾಕ್ಲಾಕತ್ತೆ. ಹತ್ತು ಚೊಂಬು ಹಾಕಿರಬೇಕು, ಧೋ ಅಂತ ಮಳಿ ಶುರುವಾಯ್ತು. ಒಂದು ಕೈಯಾಗ ಕೊಡಿ, ಇನ್ನೊಂದು ಕೈಯಾಗ ಚೊಂಬು.

ಬಾಜು ಮನಿ ಆಯಿ ಬಾಗಲದಾಗ ನಿಂತು ಭಾಳ ಹೊತ್ತು ನೋಡಿ ಕೇಳಿದ್ಲು: "ಯಾಕೋ ತಮ್ಮಾ, ಮಳಿ ಸಾಲಲಿಲ್ಲೇನು?"