ಪ್ರಾಕ್ಟೀಸ್‌ನಲ್ಲಿ ಟ್ಯಾಕಲ್ ಬೇಡ: ಗಲಾರ್ಡಿ ದಾರಿ ಎಲ್ಲ ಕಾಲೇಜಿಗೂ ಆಗುತ್ತಾ?

ಪರ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಹಿಡಿದು ಓಡುವವನನ್ನು ತಬ್ಬಿ ನೆಲಕ್ಕೆ ಕೆಡವುವುದೇ ಟ್ಯಾಕಲ್. ವಾರವಿಡೀ ಹುಡುಗರು ಒಬ್ಬರನ್ನೊಬ್ಬರು ಕೆಡವಿ ಪಳಗದಿದ್ದರೆ ಶನಿವಾರದ ಮ್ಯಾಚ್ ಸೋತಂತೆಯೇ ಅನ್ನುವುದು ಅಲ್ಲಿನ ಹಳೇ ನಂಬಿಕೆ. ಕೋಚ್ ಜಾನ್ ಗಲಾರ್ಡಿ ಈ ಮಾತಿಗೆ ಸೊಪ್ಪು ಹಾಕಲಿಲ್ಲ, ಪ್ರಾಕ್ಟೀಸ್‌ನಲ್ಲಿ ಟ್ಯಾಕಲ್ ಬೇಡ ಅಂದರು. ಮಿನ್ನೆಸೋಟದ ಸೇಂಟ್ ಜಾನ್ಸ್ ಕಾಲೇಜಿಗೆ 1953ರಲ್ಲಿ ಬಂದವರು 2012ರವರೆಗೂ ಅಲ್ಲೇ ಕೋಚ್ ಆಗಿದ್ದರು. ಅದಕ್ಕೂ ಮುಂಚೆ ಮೊಂಟಾನಾದ ಕ್ಯಾರಲ್ ಕಾಲೇಜಿನಲ್ಲಿ ಕಳೆದ 4 ಸೀಸನ್ ಸೇರಿಸಿದರೆ 489 ಗೆಲುವು, 138 ಸೋಲು, 11 ಟೈ. ಕಾಲೇಜು ಫುಟ್‌ಬಾಲ್‌ನಲ್ಲಿ ಇಷ್ಟು ಗೆದ್ದ ಕೋಚ್ ಇನ್ನೊಬ್ಬರಿಲ್ಲ.

ಇದರ ಬೇರು ಇರುವುದು 1943ರಲ್ಲಿ. ಕೊಲರಾಡೋದ ಟ್ರಿನಿಡಾಡ್ ಊರಿನ ಹೈಸ್ಕೂಲ್ ಕೋಚ್ ಯುದ್ಧಕ್ಕೆ ಹೋದರು. ಟೀಮ್ ನೋಡಿಕೊಳ್ಳಲು ಯಾರೂ ಇರಲಿಲ್ಲ. 16 ವರ್ಷದ ಆಟಗಾರ ಗಲಾರ್ಡಿಯೇ ಜವಾಬ್ದಾರಿ ಹೊತ್ತರು. ಮೊದಲು ಮಾಡಿದ ಕೆಲಸ, ತನಗೆ ಹಿಡಿಸದ್ದನ್ನೆಲ್ಲ ಕಿತ್ತುಹಾಕಿದ್ದು: ಸುತ್ತು ಓಡಿಸುವುದು ಬೇಡ, ಕವಾಯತು ಬೇಡ, ಬಾಯಾರಿದವರಿಗೆ ನೀರು ಕೊಡದಿರುವುದು ಬೇಡ. ಕಾಲೇಜಿಗೆ ಬಂದ ಮೇಲೆ ಪಟ್ಟಿ ಬೆಳೆಯಿತು. ಸೀಟಿ ಇಲ್ಲ. ಪ್ರಾಕ್ಟೀಸ್ ಒಂದೂವರೆ ಗಂಟೆ ದಾಟುವಂತಿಲ್ಲ. ಸೊಳ್ಳೆ ಕಾಟ ಜಾಸ್ತಿಯಾದರೆ ಅಂದಿಗೆ ಸಾಕು. ಹುಡುಗರು ಹುಲ್ಲಿನ ಮೇಲೆ ಅಂಗಾತ ಮಲಗಿ ಆಕಾಶ ನೋಡುತ್ತಾ, 'ಎಂಥಾ ಒಳ್ಳೆ ದಿನ, ಅಲ್ವಾ' ಅಂತ ಪಕ್ಕದವನಿಗೆ ಹೇಳುವುದೂ ಒಂದು ವ್ಯಾಯಾಮ! ಅವರನ್ನು ಯಾರೂ 'ಕೋಚ್' ಅನ್ನುವಂತಿಲ್ಲ, 'ಜಾನ್' ಅಂದರೆ ಸಾಕು. ನಮ್ಮಲ್ಲಿ ಪಿ.ಟಿ. ಮೇಷ್ಟ್ರನ್ನು ಹೆಸರು ಹಿಡಿದು ಕೂಗಿ ನೋಡಿ, ಗೊತ್ತಾಗುತ್ತೆ.

ತಮಾಷೆ ಅನ್ನಿಸಬಹುದು. ಆದರೆ 2003ರ ಡಿವಿಷನ್ 3 (ಹೆಚ್ಚಾಗಿ ಸಣ್ಣ ಕಾಲೇಜುಗಳ ವಿಭಾಗ) ಫೈನಲ್‌ನಲ್ಲಿ ಇದೇ ಟೀಮ್, ಸತತ 55 ಪಂದ್ಯ ಗೆದ್ದು ಬಂದಿದ್ದ ಮೌಂಟ್ ಯೂನಿಯನ್ ತಂಡವನ್ನು 24-6ರಿಂದ ಸೋಲಿಸಿತು.

ಇನ್ನು ಮಿದುಳಿನ ವಿಷಯ. ಹೆಲ್ಮೆಟ್ ತಲೆಬುರುಡೆ ಕಾಯುತ್ತದೆ, ಆದರೆ ಒಳಗೆ ಮಿದುಳು ಅಲುಗುವುದನ್ನು ಪೂರ್ತಿ ತಡೆಯಲಾರದು. ಸಣ್ಣ ಸಣ್ಣ ಪೆಟ್ಟೂ ವರ್ಷಗಟ್ಟಲೆ ಸೇರುತ್ತಾ ಹೋಗುತ್ತವೆ. ಪ್ರಾಕ್ಟೀಸ್‌ನ ಪೆಟ್ಟುಗಳನ್ನಾದರೂ ಉಳಿಸಬಹುದಲ್ಲ? ಡಾರ್ಟ್‌ಮತ್ ಕಾಲೇಜಿನ ಆಗಿನ ಕೋಚ್ ಬಡ್ಡಿ ಟೀವನ್ಸ್ 2010ರಲ್ಲಿ ಸಹ ಆಟಗಾರರನ್ನು ಟ್ಯಾಕಲ್ ಮಾಡುವುದನ್ನು ನಿಲ್ಲಿಸಿದರು. 2016ರಲ್ಲಿ ಡಾರ್ಟ್‌ಮತ್ ಸೇರಿ ಎಂಟು ಹಳೇ ವಿದ್ಯಾಸಂಸ್ಥೆಗಳ ಕೂಟವಾದ ಇಡೀ ಐವಿ ಲೀಗ್ ಸೀಸನ್ ನಡುವಿನ ಪ್ರಾಕ್ಟೀಸ್‌ಗೆ ಅದೇ ನಿಯಮ ತಂದಿತು. ಗಲಾರ್ಡಿ ಅಷ್ಟು ಹೊತ್ತಿಗೆ ನಿವೃತ್ತರಾಗಿದ್ದರು.

ವಿರೋಧ

489 ದೊಡ್ಡ ಸಂಖ್ಯೆ, ಒಪ್ಪೋಣ. ಆದರೆ ಅಷ್ಟೂ ಗೆಲುವನ್ನು ಟ್ಯಾಕಲ್ ಬಿಟ್ಟದ್ದರ ಖಾತೆಗೆ ಜಮಾ ಮಾಡುವುದು ಸರಿಯಲ್ಲ. ಗಲಾರ್ಡಿ ಆಟದ ಲೆಕ್ಕಾಚಾರದಲ್ಲಿ ಪಳಗಿದ ಕೈ. ಒಂದೇ ಕಾಲೇಜಿನಲ್ಲಿ 60 ಸೀಸನ್ ಇದ್ದವರು. ಹಳೇ ವಿದ್ಯಾರ್ಥಿಗಳು ತಮ್ಮೂರಿನ ಹುಡುಗರನ್ನು ಕಳಿಸುತ್ತಿದ್ದರು. ಬಂದ ಯಾರನ್ನೂ ಟೀಮಿನಿಂದ ಕೈಬಿಡುತ್ತಿರಲಿಲ್ಲ, ಹಾಗಾಗಿ 150ಕ್ಕೂ ಹೆಚ್ಚು ಆಟಗಾರರು. ಡಿವಿಷನ್ 3ರಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವಂತಿಲ್ಲ, ದುಡ್ಡು ತೋರಿಸಿ ಆಟಗಾರರನ್ನು ಸೆಳೆಯುವ ಪೈಪೋಟಿ ಅಲ್ಲಿಲ್ಲ. ಇಂಥ ಕಡೆ ಹೆಸರು ಮಾಡಿದ ಕೋಚ್ ಹತ್ತಿರ ಒಳ್ಳೆಯವರು ತಾವಾಗೇ ಬರುತ್ತಾರೆ. ಮೇಲಿನ ಹಂತದಲ್ಲಿ ಆಡುವ ಅಲಬಾಮಾ, ಒಹಾಯೊ ಸ್ಟೇಟ್‌ನಂಥ ದೊಡ್ಡ ವಿಶ್ವವಿದ್ಯಾಲಯಗಳ ಕಡೆ ಎದುರಾಳಿಯ ಮೈಕಟ್ಟೇ ಬೇರೆ, ವೇಗವೇ ಬೇರೆ.

ಇನ್ನೊಂದು ಮಾತು. ಸೇಂಟ್ ಜಾನ್ಸ್‌ಗೆ ಬಂದ ಹುಡುಗ ಕೆಡವುವುದನ್ನು ಎಲ್ಲಿ ಕಲಿತ? ಹೈಸ್ಕೂಲಿನಲ್ಲಿ, ಬೇರೆ ಕೋಚ್‌ಗಳ ಕೈಕೆಳಗೆ, ಬಿದ್ದೂ ಎದ್ದೂ. ಎಲ್ಲ ಕಡೆ ಅದನ್ನು ನಿಲ್ಲಿಸಿದರೆ ಕಲಿಸುವವರು ಯಾರು? ತಲೆ ಬಗ್ಗಿಸಿ ನುಗ್ಗುವವನ ಕುತ್ತಿಗೆ ಮುರಿಯಬಹುದು. ತಲೆ ಎತ್ತಿ, ಭುಜ ಕೊಟ್ಟು, ಕೈ ಸುತ್ತಿ ಹಿಡಿಯುವುದು ಕಲಿತು ಬರುವ ವಿದ್ಯೆ. ಅದು ಮೈಗೆ ಹತ್ತಬೇಕು, ಬರೀ ಬಾಯಿಮಾತಿನಲ್ಲಿ ಬರುವಂಥದ್ದಲ್ಲ.

ಡಾರ್ಟ್‌ಮತ್ ಉದಾಹರಣೆಯನ್ನೂ ಪೂರ್ತಿ ನೋಡಬೇಕು. ಟೀವನ್ಸ್ ಟ್ಯಾಕಲ್ ಕಲಿಸುವುದನ್ನು ಬಿಡಲಿಲ್ಲ. ಹುಡುಗರ ಬದಲು ಡಮ್ಮಿಗಳನ್ನು, ಅಂದರೆ ಮೆತ್ತನೆಯ ಗೊಂಬೆಗಳನ್ನು, ಕೆಡವಿಸಿದರು. ಅಲ್ಲಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ರಿಮೋಟ್‌ನಲ್ಲಿ ಓಡುವ ಡಮ್ಮಿಯನ್ನೇ ತಯಾರಿಸಿದರು. ಅದು ಆಟಗಾರನ ಹಾಗೆ ತಪ್ಪಿಸಿಕೊಂಡು ಓಡುತ್ತೆ, ಕೆಡವಿದರೆ ತಾನೇ ಎದ್ದು ನಿಲ್ಲುತ್ತೆ. ಗಲಾರ್ಡಿಯ 'ಬೇಡ'ಗಳ ಪಟ್ಟಿಯಲ್ಲಿ ಡಮ್ಮಿಯೂ ಇತ್ತು. ಬೇರೆ ಕಾಲೇಜುಗಳು ನಕಲು ಮಾಡುವುದಾದರೆ ಡಾರ್ಟ್‌ಮತ್‌ನದನ್ನು ಮಾಡಲಿ.