ಶಿರಿಯಾ ಹೊಳೆಯ ದೋಣಿ, ಅಪ್ಪನ ಟಾರ್ಚು

2021ರ ಮೇ ತಿಂಗಳ ನಡುವಿನಲ್ಲಿ ತೌಕ್ತೆ ಚಂಡಮಾರುತ ಬಂದಾಗ ಕೇರಳದ ಕಾಸರಗೋಡು ಜಿಲ್ಲೆಯ ಶಿರಿಯಾ ಹೊಳೆಯ ಅಳಿವೆಯ ಹತ್ತಿರ ಕಟ್ಟಿಹಾಕಿದ್ದ ನಮ್ಮ ಹಳೆಯ ಮರದ ದೋಣಿ ಒಡೆಯಿತು. ಆ ಚಂಡಮಾರುತ ಕಾಸರಗೋಡಿನಲ್ಲಿ ನೆಲ ಮುಟ್ಟಿದ್ದಲ್ಲ. ನಡುಗಡಲಿನಲ್ಲೇ ಉತ್ತರಕ್ಕೆ ಸಾಗಿ 17ರ ರಾತ್ರಿ ಗುಜರಾತಿನಲ್ಲಿ ದಡ ಹತ್ತಿತು. ಹಾಗೆ ದೂರದಿಂದ ಹಾದುಹೋದ ಗಾಳಿಯೇ ಇಲ್ಲಿ ತೆಂಗುಗಳನ್ನು ಉರುಳಿಸಿ, ಕಡಲನ್ನು ಉಬ್ಬಿಸಿ, ಹೊಳೆಯ ನೀರು ಅಳಿವೆಯಿಂದ ಹೊರಗೆ ಹೋಗದಂತೆ ತಡೆದು ನಿಲ್ಲಿಸಿತು.

ದೋಣಿಯನ್ನು ಗಾಳಿ ಒಡೆಯಿತೆಂದು ಎಲ್ಲರೂ ಹೇಳಿದರು. ಮರುದಿನ ಹೋಗಿ ನೋಡಿದ ಮೇಲೆ ನನಗೆ ಹಾಗನ್ನಿಸಲಿಲ್ಲ. ದಡದ ತೆಂಗಿನ ಬುಡಕ್ಕೆ ಹಗ್ಗವನ್ನು ಗಿಡ್ಡವಾಗಿ ಬಿಗಿದಿದ್ದರಿಂದ ನೀರು ಏರಿದಾಗ ದೋಣಿಗೆ ಏರಲು ಜಾಗವಿರದೆ, ಪ್ರತಿಯೊಂದು ಅಲೆಗೂ ಅದು ದಡದ ಕಲ್ಲುಕಟ್ಟಕ್ಕೆ ಬಡಿದು ಬಡಿದು ಒಂದು ಪಕ್ಕದ ಮೂರು ಹಲಗೆಗಳು ಸೀಳಿ, ಕೊನೆಗೆ ಮಗುಚಿಬಿದ್ದಿತ್ತು. ಹಗ್ಗ ಕಟ್ಟಿದವನು ನಾನೇ. ಮೀನುಗಾರರು ಕಡಲಿಗೆ ಇಳಿಯಬಾರದೆಂಬ ಎಚ್ಚರಿಕೆಯನ್ನು ನಾವು ಹತ್ತು ಸಲ ಕೇಳಿದ್ದೆವು. ಆದರೆ ಹೊಳೆಯಲ್ಲಿರುವ ದೋಣಿಯನ್ನು ಎಷ್ಟು ಮೇಲಕ್ಕೆ ಎಳೆಯಬೇಕು, ಎಳೆಯಲು ಜನವಿಲ್ಲದಿದ್ದರೆ ಹೇಗೆ ಕಟ್ಟಬೇಕು ಎಂಬುದನ್ನು ಒಬ್ಬರೂ ಹೇಳಲಿಲ್ಲ. ಅದನ್ನೂ ಹೇಳಬೇಕು, ಈ ಊರುಗಳಲ್ಲಿ ಕನ್ನಡದಲ್ಲಿಯೂ ಹೇಳಬೇಕು ಎಂಬುದು ನನ್ನ ಒತ್ತಾಯ.

ಹಾನಿಯ ಲೆಕ್ಕ ಬರೆಯಲು ಬಂದವರು ದೋಣಿಯ ಹತ್ತಿರಕ್ಕೂ ಬರಲಿಲ್ಲ. ಇಂಜಿನ್ ಇಲ್ಲ, ಹಳೆಯದು, ಸೌದೆಗಾದೀತು ಎಂದು ದಡದಿಂದಲೇ ಹೇಳಿ ನಡೆದರು. ಆ ಮಾತು ನನ್ನನ್ನು ಈಗಲೂ ಚುಚ್ಚುತ್ತದೆ. ಮರದ ದೋಣಿಯೆಂದರೆ ಬಿಡಿಬಿಡಿಯಾಗಿ ಬದಲಿಸಬಹುದಾದ ವಸ್ತು. ಹೆಬ್ಬಲಸಿನ ಹಲಗೆಗಳ ಅಂಚಿಗೆ ತೂತು ಕೊರೆದು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟುವ ಕ್ರಮದಲ್ಲಿ, ಕೆಟ್ಟ ಹಲಗೆಯ ಹೊಲಿಗೆ ಬಿಚ್ಚಿ ಹೊಸದನ್ನು ಕೂರಿಸಿದರೆ ಉಳಿದ ಮೈಗೆ ಏನೂ ಆಗುವುದಿಲ್ಲ. ಉಪ್ಪುನೀರಿನಲ್ಲಿ ಕಬ್ಬಿಣದ ಮೊಳೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ, ನಾರಿನ ಹುರಿ ಹಾಗೆ ಮಾಡುವುದಿಲ್ಲ. ವರ್ಷಕ್ಕೊಮ್ಮೆ ಬೂತಾಯಿ ಮೀನಿನ ಎಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಬಳಿದರೆ ಮರ ಕೊರೆಯುವ ಹುಳುವೂ ದೂರ ಉಳಿಯುತ್ತದೆ. ಇದನ್ನು ಬಲ್ಲ ಒಬ್ಬ ಆಚಾರಿಯನ್ನಾದರೂ ಜೊತೆಗೆ ಕರೆತಾರದೆ ದೋಣಿಯ ಹಾನಿಯನ್ನು ಅಳೆಯುವುದು ಅನ್ಯಾಯ.

ದೋಣಿಯನ್ನು ನಾಲ್ಕು ಜನ ಸೇರಿ ಮಗುಚಿ ನಿಲ್ಲಿಸಿದಾಗ ಅಣಿಯದ, ಅಂದರೆ ದೋಣಿಯ ಮುಂತುದಿಯ, ಹಲಗೆಯ ಅಡಿಯಲ್ಲಿ, ಹುರಿಯಿಂದ ಕಟ್ಟಿದ್ದ ಡಬ್ಬಿಯಲ್ಲಿ ಅಪ್ಪನ ಹಿತ್ತಾಳೆಯ ಟಾರ್ಚು ಸಿಕ್ಕಿತು. ಡಬ್ಬಿಯ ಮುಚ್ಚಳ ಹಾರಿಹೋಗಿ ಒಳಗೆಲ್ಲ ಕೆಸರು ತುಂಬಿತ್ತು. ಹಿಂದಿನ ಮುಚ್ಚಳವನ್ನು ತಿರುಗಿಸಿದೆ, ಉಪ್ಪುನೀರು ಸುರಿಯಿತು. ಆದರೆ ಬ್ಯಾಟರಿ ಇರಲಿಲ್ಲ. ಮೇ ತಿಂಗಳು ಹುಟ್ಟಿದೊಡನೆ ಮೂರೂ ಬ್ಯಾಟರಿಗಳನ್ನು ತೆಗೆದು ಮನೆಯ ಬಾಟಲಿಯಲ್ಲಿಡುವುದು ಅಪ್ಪನ ಕಾಲದ ರೂಢಿ. ಅವರು ಹೋದ ಮೇಲೂ ಅದನ್ನು ನಾನು ತಪ್ಪಿಸಿರಲಿಲ್ಲ. ಸಾಮಾನ್ಯ ಟಾರ್ಚಿನ ಬ್ಯಾಟರಿಯ ಸತುವಿನ ಹೊದಿಕೆಯೇ ಅದರ ಋಣ ಧ್ರುವ. ಬಳಸುತ್ತ ಹೋದಂತೆ ಅದು ಸವೆದು ತೂತಾಗಿ ಒಳಗಿನ ಲೋಹ ಕೊರೆಯುವ ದ್ರವ ಹೊರಬಂದು ಟಾರ್ಚನ್ನು ತಿಂದುಹಾಕುತ್ತದೆ. ಉಪ್ಪುನೀರು ಸೇರಿದರೆ ಕೇಳುವುದೇ ಬೇಡ. ಖಾಲಿ ಕೊಳವೆಗೆ ಹೊಕ್ಕ ನೀರು ಅಂಥ ಕೇಡನ್ನೇನೂ ಮಾಡಿರಲಿಲ್ಲ. ಬಾವಿಯ ನೀರಿನಲ್ಲಿ ಮೂರು ಸಲ ತೊಳೆದು, ಎರಡು ದಿನ ಒಲೆಯ ಬಳಿ ಒಣಗಿಸಿ, ಕಿಲುಬು ಹಿಡಿದಲ್ಲಿ ಹುಣಸೆಹುಳಿ ಹಾಕಿ ತಿಕ್ಕಿ, ಸ್ಪ್ರಿಂಗಿನ ತುದಿಯನ್ನು ಉಪ್ಪುಕಾಗದದಿಂದ ಉಜ್ಜಿ ಬ್ಯಾಟರಿ ಹಾಕಿದಾಗ, ಗುಂಡಿ ಒತ್ತಿದ ಕೂಡಲೇ ಬಲ್ಬು ಹತ್ತಿಕೊಂಡಿತು. ನನಗೆ ಅಳು ಬಂತು.

ಲಾಕ್‌ಡೌನ್ ಸಡಿಲವಾಗುವವರೆಗೆ ಯಾರೂ ಬರುವಂತಿರಲಿಲ್ಲ. ಒಡೆದ ದೋಣಿಯನ್ನು ಬಿಸಿಲಿಗೆ ಬಿಡಬಾರದು, ಹಲಗೆ ಬಿರಿಯುತ್ತದೆ. ಅದಕ್ಕಾಗಿ ತೆಂಗಿನ ಮಡಲು ಹೊದೆಸಿ ಕಾದೆವು. ಕೊನೆಗೆ ಬಂದ ಆಚಾರಿಯವರು ಅಡಿಮರವನ್ನು ಉಳಿಯ ಹಿಡಿಯಿಂದ ತಟ್ಟುತ್ತ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ, "ಮಾಷ್ಟ್ರೇ, ಹಲಗೆ ಮೂರು ಹೋಗಿದೆ, ಅಡಿಮರ ಗಟ್ಟಿ ಉಂಟು" ಎಂದರು. ಮಳೆಗಾಲ ಮುಗಿದ ಮೇಲೆ ಆ ಮೂರನ್ನೂ ಬದಲಿಸಿದರು.

ಕೆಲಸ ಮುಗಿದ ದಿನ ಕತ್ತಲಾಗುವವರೆಗೆ ನಿಲ್ಲಲು ಹೇಳಿದರು. ಆ ಟಾರ್ಚನ್ನೇ ಹಿಡಿದು ನಾನು ದೋಣಿಯ ಒಳಗೆ ಕುಳಿತು ಹೊಲಿಗೆಯ ಉದ್ದಕ್ಕೂ ನಿಧಾನವಾಗಿ ಬೆಳಕು ಬಿಡುತ್ತ ಹೋದೆ. ಅವರು ಹೊರಗೆ ಮಂಡಿಯೂರಿ ಕುಳಿತು, ಬೆಳಕು ಎಲ್ಲೆಲ್ಲಿ ಹೊರಬರುತ್ತದೆಂದು ನೋಡುತ್ತಿದ್ದರು. ನೂಲಿನಷ್ಟು ಸಪೂರವಾಗಿ ಕಂಡಲ್ಲಿ ಅವರು ಕೈ ಹಾಕಲಿಲ್ಲ, ಏಕೆಂದರೆ ನೀರಿಗಿಳಿದು ಎರಡು ದಿನವಾಗುವಷ್ಟರಲ್ಲಿ ಮರ ಉಬ್ಬಿ ಆ ಸಂದುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಅದಕ್ಕಿಂತ ಅಗಲವಾಗಿ ಬೆಳಕು ಬಿದ್ದಲ್ಲೆಲ್ಲ ಸುಣ್ಣದ ಗುರುತು ಹಾಕಿದರು. ಒಟ್ಟು ಐದು ಗುರುತುಗಳು. ಮರುದಿನ ಬೆಳಿಗ್ಗೆ ಆ ಐದು ಕಡೆ ಹತ್ತಿ ತುರುಕಿ ರಾಳ ಮೆತ್ತಿದರು.