ನೂರು ತಪ್ಪುಗಳ ಕ್ಷಮೆ ಶಿಶುಪಾಲನಿಗಷ್ಟೇ: ಒಂದು ಸ್ಪಷ್ಟನೆ

ಶ್ರೀಕೃಷ್ಣನು ಪ್ರತಿಯೊಬ್ಬರ ನೂರು ತಪ್ಪುಗಳನ್ನು ಮನ್ನಿಸಿ ನೂರೊಂದನೆಯದಕ್ಕೆ ಶಿಕ್ಷಿಸುತ್ತಾನೆಂದು ಮಹಾಭಾರತ ಹೇಳುತ್ತದೆ ಎಂಬ ಸಂದೇಶವೊಂದು ತುಮಕೂರು ಭಾಗದ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಸಭಾಪರ್ವದ ಆ ಮಾತು ಸರ್ವರಿಗೂ ಅನ್ವಯಿಸುವ ನಿಯಮವಲ್ಲ, ಕೃಷ್ಣನು ತನ್ನ ಸೋದರತ್ತೆಗೆ, ಅಂದರೆ ಶಿಶುಪಾಲನ ತಾಯಿಗೆ, ಅವಳ ಮಗನ ನೂರು ತಪ್ಪುಗಳನ್ನು ಮನ್ನಿಸುವೆನೆಂದು ಕೊಟ್ಟ ವರ. ಮೂರು ಕಣ್ಣು, ನಾಲ್ಕು ತೋಳುಗಳೊಂದಿಗೆ ಹುಟ್ಟಿದ ಶಿಶುಪಾಲನ ಹೆಚ್ಚಿನ ಅಂಗಗಳು ಯಾರ ತೊಡೆಯ ಮೇಲೆ ಕಳಚುವವೋ ಅವನಿಂದಲೇ ಮಗುವಿಗೆ ಮರಣವೆಂದು ಅಶರೀರವಾಣಿ ನುಡಿದಿತ್ತೆಂದೂ, ಅದು ಕೃಷ್ಣನ ತೊಡೆಯಾದಾಗ ತಾಯಿ ಅವನಲ್ಲಿ ಬೇಡಿಕೊಂಡಳೆಂದೂ ಭೀಷ್ಮನು ಭೀಮನಿಗೆ ವಿವರಿಸುತ್ತಾನೆ. ಮುಂದೆ ಧರ್ಮರಾಯನ ರಾಜಸೂಯದಲ್ಲಿ ಕೃಷ್ಣನಿಗೆ ಅಗ್ರಪೂಜೆ ಸಂದದ್ದನ್ನು ಸಹಿಸದೆ ನಿಂದಿಸಿದ ಶಿಶುಪಾಲ ಚಕ್ರಕ್ಕೆ ಬಲಿಯಾದ.

ಸಂದೇಶ ಬರೆದವರು ಇಲ್ಲಿಗೇ ನಿಲ್ಲಿಸಿದ್ದಾರೆ. ಹತನಾದವನ ದೇಹದಿಂದ ಹೊರಟ ತೇಜಸ್ಸು ಕೃಷ್ಣನಿಗೆ ವಂದಿಸಿ ಅವನಲ್ಲೇ ಸೇರಿತೆಂದು ಅದೇ ಪರ್ವ ಹೇಳುತ್ತದೆ. ಆದ್ದರಿಂದ ದೈವದ ತಾಳ್ಮೆ ನೂರಕ್ಕೆ ಮುಗಿಯಿತೆನ್ನಲು ಆ ಕಥೆಯಲ್ಲೇ ಆಧಾರವಿಲ್ಲ. ಇನ್ನು ಭಗವದ್ಗೀತೆಯ 9ನೇ ಅಧ್ಯಾಯದ 30ನೇ ಶ್ಲೋಕವಂತೂ, ಅತ್ಯಂತ ದುರಾಚಾರಿಯೂ ಅನನ್ಯವಾಗಿ ಭಜಿಸಿದರೆ ಅವನನ್ನು ಸಾಧುವೆಂದೇ ತಿಳಿಯಬೇಕು ಎನ್ನುವಾಗ, ತಪ್ಪುಗಳಿಗೆ ಯಾವ ಎಣಿಕೆಯನ್ನೂ ಹಾಕುವುದಿಲ್ಲ.